ನಾಗರತ್ನಮ್ಮನ ಸೊಲ್ಲು ಹಿಂದಕ್ಕೆ ಕೊಡಿ

ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದ ಮಾನ್ಯ ನಿರ್ದೇಶಕರೇ,

ಇಬ್ಬರು ಹಾಡಿದ ಪದಗಳ ಪುಸ್ತಕದಿಂದ ತಾವು ಒಬ್ಬರನ್ನು ಅಳಿಸಿಹಾಕಿದ್ದೀರಿ. ಬಿಡುಗಡೆಯ ದಿನ ಆ ಇಬ್ಬರನ್ನೂ ಕರೆಯದೆ, ನನ್ನನ್ನೂ ಕರೆಯದೆ, 'ಅಚ್ಚುಕಟ್ಟಾದ ಮುದ್ರಣ' ಎಂದು ಬೆನ್ನು ತಟ್ಟಿಕೊಂಡಿರಂತೆ. ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡಿದ್ದೀರಾ ಸ್ವಾಮಿ?

ನೋಡಿರಲಾರಿರಿ, ಆದ್ದರಿಂದ ನಾನೇ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಕಡೆಯ ರಂಗಕ್ಕ ಮತ್ತು ನಾಗರತ್ನಮ್ಮ ವಾರಗಿತ್ತಿಯರು. ಕಡಲೆಕಾಯಿ ಸುಲಿಯಲು ಕೂತರೆ ರಂಗಕ್ಕ ಕನ್ನಡದಲ್ಲಿ ಒಂದು ಸೊಲ್ಲು ಎತ್ತುತ್ತಾರೆ. ಆಂಧ್ರದ ಕಡೆಯಿಂದ ಮದುವೆಯಾಗಿ ಬಂದ ನಾಗರತ್ನಮ್ಮ ತೆಲುಗಿನಲ್ಲಿ ಎದುರು ಸೊಲ್ಲು ಕೊಡುತ್ತಾರೆ. ಅದು ಬರುವ ತನಕ ಮುಂದಿನದನ್ನು ಎತ್ತುವಂತಿಲ್ಲ, ಅದು ಅವರ ಕಟ್ಟುಪಾಡು. ಶಿರಾದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ವರ್ಷಗಟ್ಟಲೆ ಆ ಪದಗಳನ್ನು ದಾಖಲಿಸಿದೆ. ಎಡಪುಟದಲ್ಲಿ ಕನ್ನಡ, ಅದರ ಎದುರಿಗೇ ಬಲಪುಟದಲ್ಲಿ ತೆಲುಗು. ನಾಗರತ್ನಮ್ಮನ ತವರಿನವರೂ ಓದಬೇಕಲ್ಲ, ಹಾಗಾಗಿ ತೆಲುಗು ಲಿಪಿಯಲ್ಲೇ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲಿ ಪುಟಪುಟವನ್ನೂ ನಾನೇ ಜೋಡಿಸಿ ಕಳಿಸಿದೆ. ತಾವು ಏನಂದಿರಿ? "ಪುಕ್ಕಟೆ ಸಿಗೋದ್ರಲ್ಲಿ ಪುಸ್ತಕ ಮಾಡ್ತಾರೇನ್ರೀ ಮೇಡಂ? ನಮ್ಮ ಆಫೀಸಿನ ಸಾಫ್ಟ್‌ವೇರಿಗೆ ಹಾಕಿಸ್ತೀವಿ ಬಿಡಿ."

ಹಾಕಿಸಿದಿರಿ. ಪುಸ್ತಕದ ಕಟ್ಟು ಬಂತು. ಹಾಡಿದವರ ಮುಂದೆಯೇ ಬಿಚ್ಚಬೇಕೆಂಬ ಆಸೆಯಿಂದ ಹಾಗೇ ಹೊಸಕೋಟೆಗೆ ಒಯ್ದು, ಅವರ ಜಗುಲಿಯಲ್ಲಿ ಕೂತು ಓದತೊಡಗಿದೆ. ರಂಗಕ್ಕನ ಮೊದಲ ಸೊಲ್ಲು. ಅದರ ಬೆನ್ನಿಗೇ ಅವರದೇ ಎರಡನೆಯದು. ಹಾಡಲು ಬಾಯಿ ತೆರೆದ ನಾಗರತ್ನಮ್ಮ ಹಾಗೇ ಉಳಿದರು.

"ತಡಿಯಮ್ಮ," ಅಂದರು ರಂಗಕ್ಕ, "ಇವ್ಳು ಇನ್ನೂ ಅಂದೇ ಇಲ್ಲ, ನೀನು ಮುಂದುಕ್ಕೋಗ್ಬುಟ್ಟೆ ಕಣಮ್ಮ."

ಹಾಳೆ ಮಗುಚಿದೆ, ಮತ್ತೆ ಮಗುಚಿದೆ. ತೆಲುಗು ಎಲ್ಲೂ ಇಲ್ಲ! ನಾಗರತ್ನಮ್ಮ ಪುಸ್ತಕವನ್ನು ಕೈಗೆ ತೆಗೆದುಕೊಂಡು ಸವರಿ ನೋಡಿ, "ಏಮ್ಮಾ, ನೇನು ಸಚ್ಚಿಪೋಯಿನಾನಾ?" ಅಂದರು. ನಾನು ಸತ್ತುಹೋದೆನೇನಮ್ಮ, ಅಂತ. ನಗುತ್ತಲೇ ಕೇಳಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ತಮ್ಮ ಕಚೇರಿಗೆ ಫೋನ್ ಮಾಡಿದ ಮೇಲೆ ವಿಷಯ ತಿಳಿಯಿತು. ಎಲ್ಲ ಲಿಪಿಗಳನ್ನೂ ಒಟ್ಟಿಗೆ ಮೂಡಿಸುವ ಯೂನಿಕೋಡ್ ಬಂದು ಎಷ್ಟೋ ಕಾಲವಾದರೂ ತಾವು ಮನೆದೇವರಂತೆ ಪೂಜಿಸುತ್ತಿರುವ ಆ ಹಳೇ ಫಾಂಟಿಗೆ ತೆಲುಗು ಬಾರದು. ತೆಲುಗೆಲ್ಲ ಖಾಲಿ ಚೌಕಗಳಾಗಿ ಮೂಡಿತು. ಬುದ್ಧಿಯಿದ್ದವರು ಒಂದು ಮಾತು ಕೇಳುತ್ತಿದ್ದರು. ತಮ್ಮವರು ಆ ಚೌಕಗಳನ್ನು ಕಸವೆಂದು ಗುಡಿಸಿ, ಕನ್ನಡ ಸಾಲುಗಳನ್ನು ಒತ್ತಿ ಸೇರಿಸಿ, ಪುಟ ಉಳಿಸಿದೆವೆಂದು ಹಿಗ್ಗಿದರು. ಕರಡು ತೋರಿಸಬೇಕೆಂಬ ಕನಿಷ್ಠ ಸೌಜನ್ಯವೂ ಇಲ್ಲ. ಕೇಳಿದರೆ ತಾವು "ಅದು ನಿಮ್ಮ ಪುಕ್ಕಟೆ ತಂತ್ರಾಂಶದ ದೋಷ" ಅಂದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇಷ್ಟರ ಮೇಲೆ 'ಡಿಜಿಟಲ್ ಯುಗದಲ್ಲಿ ಮಾನವಿಕ ಅಧ್ಯಯನ' ಎಂಬ ವಿಚಾರ ಸಂಕಿರಣ ಬೇರೆ, ದೀಪ ಬೇರೆ, ಶಾಲು ಬೇರೆ. ಮಾನ ಅನ್ನುವುದೂ ತಮ್ಮ ಫಾಂಟಿನಲ್ಲಿ ಮೂಡುವುದಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಉಳಿದ ಪ್ರತಿಗಳನ್ನು ರದ್ದಿಗೆ ಹಾಕಿ, ನಾನು ಕಳಿಸಿದ ಪುಟಗಳನ್ನು ಇದ್ದ ಹಾಗೇ ಅಚ್ಚು ಹಾಕಿಸಿ. ಅದಕ್ಕೆ ತಮ್ಮವರು ಏನೂ ಮಾಡಬೇಕಾಗಿಲ್ಲ. ಏನೂ ಮಾಡದಿರುವುದು ತಮ್ಮ ಕಚೇರಿಗೆ ಚೆನ್ನಾಗಿ ಅಭ್ಯಾಸವಿರುವ ಕೆಲಸವೇ ಅಲ್ಲವೇ? ಅದೂ ಆಗದಿದ್ದರೆ ಹೊಸಕೋಟೆಗೆ ಬಂದು ನಾಗರತ್ನಮ್ಮನ ಪ್ರಶ್ನೆಗೆ ತಾವೇ ಉತ್ತರ ಹೇಳಿ. ಪುಸ್ತಕದಲ್ಲಿ ಇಲ್ಲದವಳು ಯಾಕೆ ಹಾಡಲಿ ಅನ್ನುತ್ತಿದ್ದಾರೆ ಅವರು. ರಂಗಕ್ಕ ಈಗಲೂ ಒಂದು ಸೊಲ್ಲು ಎತ್ತುತ್ತಾರೆ, ಕಾಯುತ್ತಾರೆ, ಆಮೇಲೆ ಸುಮ್ಮನೆ ಕಾಯಿ ಸುಲಿಯುತ್ತಾರೆ.

ಇಂತಿ,
ಪುಕ್ಕಟೆ ತಂತ್ರಾಂಶವನ್ನು ಬಿಟ್ಟು ತಮ್ಮನ್ನು ನಂಬಿ ಕೆಟ್ಟ
ಮಹಜಬೀನ್, ಶಿರಾ