ನಾಯಿಬುಟ್ಟಿಯ ಮೀನು

1966 ಜುಲೈ 4, ಸೋಮವಾರ

ಬೆಳಿಗ್ಗೆಯಿಂದ ಮಳೆ. ಎರಡು ಎಮ್ಮೆ, ಒಂದು ಹೋರಿ, ಕಾಲು ಮುರಿದ ಆಡು. ಎಲ್ಲದಕ್ಕೂ ನಾನೇ. ಡಾಕ್ಟ್ರು ಹತ್ತೂವರೆಗೆ ಬಂದರು, ಕೊಡೆ ಒಣಗಲು ಇಟ್ಟರು, ಪೇಪರು ಬಿಡಿಸಿದರು. ದನದ ಡಿಸ್ಪೆನ್ಸರಿ ನಡೆಯುವುದು ಕಂಪೌಂಡರನಿಂದ. ಇದನ್ನು ಯಾವ ರಿಪೋರ್ಟಿನಲ್ಲೂ ಬರೆಯುವುದಿಲ್ಲ. ಇಲ್ಲಾದರೂ ಇರಲಿ.

ಹನ್ನೊಂದಕ್ಕೆ ವಕೀಲ ಗುಣಪಾಲ ಶೆಟ್ರ ನಾಯಿ ಬಂತು. ಕಾರಿನಲ್ಲಿ. ಹಿಂದಿನ ಸೀಟು ಪೂರ್ತಿ ಅದಕ್ಕೇ, ತಲೆಗೆ ದಿಂಬು ಬೇರೆ. ರೇಷನ್ ಅಂಗಡಿ ಮುಂದೆ ಜನ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾರೆ, ಇಲ್ಲಿ ನಾಯಿಗೆ ದಿಂಬು. ಮೈಯೆಲ್ಲ ನಡುಕ, ಬಾಯಲ್ಲಿ ನೊರೆ. ಡಾಕ್ಟ್ರು ಪೇಪರು ಬಿಸಾಡಿ ಎದ್ದದ್ದು ಈ ವರ್ಷ ಇದೇ ಮೊದಲು. ಇಂಜೆಕ್ಷನ್ ಆಯಿತು, ಮತ್ತೊಂದು ಆಯಿತು... ಹನ್ನೆರಡೂವರೆಗೆ ಸತ್ತಿತು. ವಕೀಲರು ಕರ್ಚೀಫು ತೆಗೆದು ಅತ್ತರು. ಕೋರ್ಟಿನಲ್ಲಿ ಎಷ್ಟು ಜನರನ್ನು ಅಳಿಸಿದ್ದಾರೋ. ನನಗೇನೂ ಅನಿಸಲಿಲ್ಲ. ಮೇಜು ತೊಳೆದು ಊಟಕ್ಕೆ ಹೋದೆ.

ಜುಲೈ 5, ಮಂಗಳವಾರ

ಸಂಜೆ ಕೋಡಿ ರಸ್ತೆಗೆ, ತಂಗಿ ಸರೋಜಳ ಬಿಡಾರಕ್ಕೆ. ತಿಂಗಳಿಗೊಮ್ಮೆ ಹೋಗದಿದ್ದರೆ ಜನ ಮಾತಾಡುತ್ತಾರೆ ಅಂತ ಹೋಗುವುದು. ಅವಳ ಗಂಡ ಶೇಖರ ಬೊಂಬಾಯಿಯ ಯಾವುದೋ ಕ್ಯಾಂಟೀನಿನಲ್ಲಿ ಇದ್ದಾನಂತೆ. ಎರಡು ವರ್ಷವಾಯಿತು, ಮುಖ ತೋರಿಸಿಲ್ಲ. ಮದುವೆಯ ದಿನವೇ ಅಂದಿದ್ದೆ: ತಿನ್ನಲು ಗತಿಯಿಲ್ಲದ ದಿನ ನನ್ನ ಬಾಗಿಲಿಗೆ ಬಾ, ಆಗ ಮಾತಾಡುವ. ಇದುವರೆಗೆ ಬಂದಿಲ್ಲ. ಅವನು ಕಳಿಸುತ್ತಾನೆ, ಸಾಕಾಗುತ್ತದೆ ಅಂತಾಳೆ. ಸಾಕಾಗಿ ಮಿಗುತ್ತದೆ ಅಂತ ಕಾಣುತ್ತದೆ. ಮೂಲೆಯಲ್ಲಿ ಒಣಮೀನಿನ ಪೊಟ್ಟಣ ಇತ್ತು. ಎಂತದು ಅಂದೆ.

“ಬೆಕ್ಕಿಗೆ, ಅಣ್ಣ. ಚಂದಯ್ಯನ ಅಂಗ್ಡಿದ್.”

ಊರಿಗೆ ಊರೇ ಅಕ್ಕಿಗೆ ಬಾಯಿ ಬಿಡುತ್ತಿದೆ, ಇವಳು ಬೆಕ್ಕಿಗೆ ಮೀನು ಕೊಳ್ಳುತ್ತಾಳೆ. ವಕೀಲರಿಗೂ ಇವಳಿಗೂ ಏನು ವ್ಯತ್ಯಾಸ? ಬಿಳಿ ಬೆಕ್ಕು ಒಲೆದಂಡೆಯ ಮೇಲೆ ಮಲಗಿತ್ತು, ನನ್ನನ್ನು ಕಂಡು ಆಕಳಿಸಿತು. ಸರೋಜಳ ಮಗಳು ಪುಷ್ಪನಿಗೆ ಆರು ವರ್ಷ ತುಂಬಿತು. ಮಾಮಾ ಮಾಮಾ ಅಂತ ಮೈಮೇಲೆ ಹತ್ತುತ್ತದೆ. ತೆಳ್ಳಗಾಗಿದೆ. ಮಳೆಗಾಲದಲ್ಲಿ ಮಕ್ಕಳು ಹಾಗೇ.

ಜುಲೈ 6, ಬುಧವಾರ

ನಮ್ಮ ಡಿಸ್ಪೆನ್ಸರಿ ಗುಡಿಸುವ ಸೀತು ಹೇಳಿದಳು, ಅವಳ ಕೇರಿಯಲ್ಲಿ ಮೂರು ದಿನದಲ್ಲಿ ನಾಲ್ಕು ಬೆಕ್ಕು, ಎರಡು ನಾಯಿ ಸತ್ತವಂತೆ. ಒದ್ದಾಡಿ, ನೊರೆ ಕಾರಿ. ಡಾಕ್ಟ್ರಿಗೆ ಹೇಳಿದೆ. ಬೆಕ್ಕು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಸೀತುವಿನ ಕೇರಿಯೂ ಬರುವುದಿಲ್ಲ ಅನ್ನುವುದು ಬಾಕಿ.

ಮಧ್ಯಾಹ್ನ ವಕೀಲರು ಬಂದು ಕೂಗಾಡಿದರು — ಯಾರೋ ವಿಷ ಹಾಕಿದ್ದಾರೆ, ಬಿಡುವುದಿಲ್ಲ. ಆಗ ಮಾತ್ರ ಬೆಕ್ಕುಗಳೂ ಲೆಕ್ಕಕ್ಕೆ ಬಂದವು. ಸೀತುವಿನ ಕೇರಿಯಲ್ಲಿ ಆಗಷ್ಟೇ ಸತ್ತ ನಾಯಿಯನ್ನು ತರಿಸಿ ಕೊಯ್ದೆವು. ಹೊಟ್ಟೆಯಲ್ಲಿ ಒಣ ಬೈಗೆ ಮೀನಿನ ಚೂರು. ಅದರ ಮೇಲೆ ಹುಳ ಸಾಯಲು ಗದ್ದೆಗೆ ಎರಚುವ ಪುಡಿಯ ವಾಸನೆ. ನನಗೆ ಕೂಡಲೇ ಗೊತ್ತಾಯಿತು. ಡಾಕ್ಟ್ರು ಹತ್ತು ನಿಮಿಷ ಮೂಸಿ ಆಮೇಲೆ ತಾವೇ ಕಂಡುಹಿಡಿದರು. ವಕೀಲರ ನಾಯಿಗೂ ದಿನಾ ಅನ್ನದ ಜೊತೆ ಒಣಮೀನೇ. ಚಂದಯ್ಯನ ಅಂಗಡಿಯದು.

ಜುಲೈ 7, ಗುರುವಾರ

ಚಂದಯ್ಯನ ಅಂಗಡಿಗೆ. ಒಳ್ಳೆಯ ಒಣಮೀನು ಮೇಲಿನ ಹಲಗೆಯಲ್ಲಿ, ಸಾಲಾಗಿ. ಕೆಳಗೆ, ಬಾಗಿಲ ಬದಿಗೆ ಒಂದು ಬುಟ್ಟಿ — ಮುರಿದದ್ದು, ತಲೆ, ಬಾಲ, ಪುಡಿಯಾದದ್ದು. ಇಡೀ ಊರು ಅದಕ್ಕೆ ನಾಯಿಬುಟ್ಟಿ ಅನ್ನುತ್ತದೆ. ನಾಯಿಗೆ ಒಂದು ಪೊಟ್ಟಣ ಕೊಡಿ, ಬೆಕ್ಕಿಗೆ ಒಂದು ಪೊಟ್ಟಣ ಕೊಡಿ — ಕೇಳುವುದೇ ಹಾಗೆ.

“ಪುಡಿ ಹಾಕಿದ್ಯಾ ಚಂದಯ್ಯ?”

“ಒಂಚೂರ್ ಹಾಕಿದ್ದೆ ಕಂಪೌಂಡ್ರೆ. ಹುಳ ಬಿದ್ದಿತ್ತ್. ಬಿಸಾಡುಕೆ ಆತ್ತಾ?”

“ಎಲ್ಲಾ ಮೀನಿಗೂ?”

“ಛೆ, ಮೇಲಿನ್ ಮೀನಿಗೆ ಇಲ್ಲೆ ಮಾರ್ರೆ. ಅದ್ ಮನ್ಷ್ರ್ ತಿಂಬುದಲ್ದಾ. ಇದ್ ನಾಯಿಗೆ.”

ಹೇಳಿ ಹಲ್ಲು ಕಿಸಿದ. ನಾಯಿಬುಟ್ಟಿಯಿಂದ ಕೊಳ್ಳುವವರಲ್ಲಿ ಯಾರ ಮನೆಯಲ್ಲಿ ನಾಯಿ ಇದೆ, ಯಾರ ಮನೆಯಲ್ಲಿ ಇಲ್ಲ ಅಂತ ಅವನಿಗೆ ಗೊತ್ತಿಲ್ಲವೇ? ನನಗೇ ಗೊತ್ತು. ಬಡವರಾದರೆ ಬಡವರು ಅನ್ನಲಿ. ಸಾಕದ ನಾಯಿಯ ಹೆಸರು ಹೇಳಿ ಮೀನು ಕೊಳ್ಳುವ ಈ ಸೋಗು ನನಗಾಗದು.

ವಕೀಲರ ಒತ್ತಾಯಕ್ಕೆ ಡಾಕ್ಟ್ರ ಆರ್ಡರು: ಮಾರಿದ್ದೆಲ್ಲ ವಾಪಸು ಬರಬೇಕು, ಮನೆಮನೆಗೆ ಹೋಗಿ ತರಬೇಕು. ಯಾರು? ನಾನು. ಅಂಗಡಿಯ ಮಾಡಿನಡಿ ಮಳೆಗೆ ನಿಂತ ಜನ ತುಂಬ ಇದ್ದರು. ಇಲ್ಲೇ ಹೇಳಿ ಮುಗಿಸುವ ಅಂತ ಮೆಟ್ಟಿಲು ಹತ್ತಿದೆ. ನಾಯಿಬುಟ್ಟಿಯ ಮೀನಿಗೆ ಹುಳದ ಪುಡಿ ಬಿದ್ದಿದೆ, ಉಳಿದದ್ದು ತಂದುಕೊಡಿ ಅಂದೆ. ಒಬ್ಬರೂ ಅಲ್ಲಾಡಲಿಲ್ಲ. ಸಿಟ್ಟು ಬಂತು.

“ಹ್ವಾಯ್, ಈ ಊರಂಗೆ ನಾಯಿ ಇಪ್ಪುದ್ ಹತ್ತ್. ನಾಯಿ ಮೀನ್ ತಕಂಬರ್ ನೂರ್ ಜನ. ಉಳ್ದ ತೊಂಬತ್ತ್ ನಾಯಿ ಎಲ್ಲಿತ್ತ್? ಪಂಚೆ ಉಟ್ಕಂಡಿತ್ತಾ, ಸೀರೆ ಉಟ್ಕಂಡಿತ್ತಾ?”

ಜನ ಹೊಟ್ಟೆ ಹಿಡಿದು ನಕ್ಕರು. ಚಂದಯ್ಯನೂ ನಕ್ಕ. ಇಷ್ಟು ವರ್ಷದಲ್ಲಿ ಈ ಊರು ನನ್ನ ಮಾತಿಗೆ ನಕ್ಕದ್ದು ಇದೇ ಮೊದಲು. ಖುಷಿಯಾಯಿತು. ಸುಳ್ಳೇಕೆ ಬರೆಯಲಿ.

ಜುಲೈ 8, ಶುಕ್ರವಾರ

ಮನೆಮನೆ ತಿರುಗಿ ಕಾಲು ಬಿದ್ದುಹೋಯಿತು. ಬಂದದ್ದು ಮೂರೇ ಪೊಟ್ಟಣ — ಮೂರೂ ನಿಜವಾಗಿ ನಾಯಿ ಇರುವ ಮನೆಯವು. ಉಳಿದವರದೆಲ್ಲ ಒಂದೇ ಪಾಠ, ನಾಯಿ ತಿಂದು ಮುಗಿಸಿತು.

ಬಲೆ ಹೆಣೆಯುವ ಮುತ್ತನ ಮನೆ. ಮುತ್ತ ಬಾಗಿಲಿಗೆ ಅಡ್ಡ ಕೂತಿದ್ದ.

“ನಾಯಿ ಎಲ್ಲಿತ್ತಾ ಮುತ್ತ?”

“ಹೊರ್ಗೆ ಹೋಯ್ತ್.”

“ಈ ಮಳಿಯಂಗೆ?”

“ಅದ್ಕೆ ಮಳಿ ಅಂದ್ರೆ ಇಷ್ಟ.”

ಮುಖ ನೋಡದೆ ಹೇಳಿದ. ಒಳಗೆ ಹೆಂಡತಿ ತಲೆ ತಗ್ಗಿಸಿ ಒಲೆ ಊದುತ್ತಿದ್ದಳು. ಒಣಮೀನು ಬೇಯುವ ವಾಸನೆ ಅಂಗಳದವರೆಗೆ. ನಾನು ಪಾತ್ರೆಯ ಮುಚ್ಚಳ ತೆಗೆದು ನೋಡಬಹುದಿತ್ತು. ನೋಡಲಿಲ್ಲ. ಅದು ನನ್ನ ಡ್ಯೂಟಿಯಲ್ಲ. ವಿಷ ಅಂತ ಹೇಳಿದೆ, ಎರಡು ಸಲ ಹೇಳಿದೆ. ಹೇಳಿದ್ದು ಕೇಳದವರ ಹಣೆಬರಹ.

ಕೊನೆಗೆ ಸರೋಜಳ ಬಿಡಾರ. ನಮ್ಮವರು ಹಾಗೆ ಸೋಗು ಹಾಕುವವರಲ್ಲ, ನಿಜಕ್ಕೂ ಬೆಕ್ಕು ಇದೆ. ಪೊಟ್ಟಣ ಕೊಡು ಅಂದೆ.

“ಬೆಕ್ಕ್ ತಿಂದ್ ಆಯ್ತ್ ಅಣ್ಣ.”

ಬೆಕ್ಕು ಒಲೆದಂಡೆಯ ಮೇಲೆ ಕಾಲು ನೆಕ್ಕುತ್ತ ಕೂತಿತ್ತು. ಏನೂ ಆಗಿಲ್ಲ. ಗಟ್ಟಿ ಪಿಂಡ. ಸರೋಜ ನನ್ನನ್ನು ಕೂತುಕೋ ಅಂತಲೂ ಅನ್ನಲಿಲ್ಲ. ಪುಷ್ಪ ನಿದ್ದೆ ಮಾಡುತ್ತಿತ್ತು. ಐದು ಗಂಟೆಗೇ.

ಜುಲೈ 9, ಶನಿವಾರ, ಬೆಳಿಗ್ಗೆ 6-30

ಹಲ್ಲುಜ್ಜುವಾಗ ಹೊಳೆಯಿತು.

ಆ ಬುಟ್ಟಿಯ ಮೀನು ತಿಂದ ಬೆಕ್ಕು ಒಂದೂ ಉಳಿದಿಲ್ಲ. ಸೀತುವಿನ ಕೇರಿಯಲ್ಲಿ ಒಂದೂ ಇಲ್ಲ. ಸರೋಜಳ ಬೆಕ್ಕು ಕಾಲು ನೆಕ್ಕುತ್ತ ಕೂತಿದೆ. ಅಂದರೆ ಅದು ತಿಂದಿಲ್ಲ. ತಿಂದು ಆಯಿತು ಅಂತಾಳೆ — ಯಾರು ತಿಂದದ್ದು?

ಕಂಪೌಂಡರಂತೆ ನಾನು. ಹೋಗುತ್ತೇನೆ.

ಜುಲೈ 10, ಭಾನುವಾರ

ನಿನ್ನೆಯದನ್ನು ಬರೆಯಬೇಕು.

ಹೋದಾಗ ಪುಷ್ಪ ಚಾಪೆಯ ಮೇಲೆ. ರಾತ್ರಿಯಿಂದ ವಾಂತಿಯಂತೆ. ಸರೋಜಳೂ ಗೋಡೆ ಹಿಡಿದೇ ಎದ್ದಳು. ಮಗುವನ್ನು ಎತ್ತಿಕೊಂಡ ಕೂಡಲೇ ಮೈ ಸೆಟೆಯಿತು, ಕಣ್ಣು ಮೇಲೆ ಹೋಯಿತು. ಸೋಮವಾರ ಮೇಜಿನ ಮೇಲೆ ನೋಡಿದ್ದೇ ಇದು. ರಸ್ತೆಗೆ ಓಡಿದೆ. ಬಸ್ಸಿಲ್ಲ, ಗಾಡಿಯಿಲ್ಲ. ವಕೀಲರ ಕಾರು ಎದುರಿನಿಂದ ಬಂತು, ಅಡ್ಡ ನಿಂತೆ. ವಕೀಲರು ಒಂದು ಮಾತೂ ಕೇಳದೆ ಇಳಿದು ಬಾಗಿಲು ತೆಗೆದರು, ತಾವು ಮಳೆಯಲ್ಲೇ ನಿಂತು ಕಾರು ಕಳಿಸಿದರು. ಅವರ ಬಗ್ಗೆ ಬರೆದದ್ದನ್ನು ಹೊಡೆದುಹಾಕಬೇಕು. ಆಮೇಲೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟ್ರು ಮೊದಲು ಕೇಳಿದ್ದು — ಏನು ತಿಂದದ್ದು? ಸುತ್ತ ಹತ್ತು ಜನ, ನಮ್ಮ ಕೇರಿಯವರೇ. ಸರೋಜ ನನ್ನನ್ನು ನೋಡಿದಳು. “ಗಂಜಿ,” ಅಂದಳು. “ಗಂಜಿ, ಉಪ್ಪಿನಕಾಯಿ.” ಮತ್ತೆ ಕೇಳಿದರು. ಮತ್ತೆ ಗಂಜಿ. ಮಗುವಿಗೆ ನನ್ನ ಕೈಯಲ್ಲೇ ಸೆಳೆತ ಬರುತ್ತಿದೆ, ಇವಳು ಗಂಜಿ ಅನ್ನುತ್ತಿದ್ದಾಳೆ. ಹೊಡೆಯುವಷ್ಟು ಸಿಟ್ಟು ಬಂತು. ಆಮೇಲೆ ತಿಳಿಯಿತು, ಅವಳು ಹೆದರಿದ್ದು ಡಾಕ್ಟ್ರಿಗಲ್ಲ, ಆ ಹತ್ತು ಜನಕ್ಕೂ ಅಲ್ಲ. ನನಗೆ.

“ಒಣಮೀನು, ಸಾರ್,” ಅಂದೆ. “ನಾಯಿಬುಟ್ಟಿಯದು. ಹುಳದ ಪುಡಿ ಹಾಕಿದ್ದು. ನಾನೇ ತಂದುಕೊಟ್ಟದ್ದು. ನಾವು ಎಲ್ಲರೂ ತಿಂದೆವು.”

ತಾಯಿ ಮಗಳಿಬ್ಬರ ಹೊಟ್ಟೆ ತೊಳೆದರು. ಸೆಳೆತ ನಿಲ್ಲಲು ಇಂಜೆಕ್ಷನ್. ನನಗೂ ಒಂದು ಲೋಟ ಔಷಧಿ ಕುಡಿಸಿದರು. ಕುಡಿದೆ. ಪುಷ್ಪನಿಗೆ ಇನ್ನೂ ಎಚ್ಚರವಿಲ್ಲ. ನಾಳೆ ಬೆಳಗಾಗಲಿ, ಆಮೇಲೆ ಹೇಳುವ ಅಂದಿದ್ದಾರೆ.

ಜುಲೈ 11, ಸೋಮವಾರ

ಎಚ್ಚರವಿಲ್ಲ. ಉಸಿರಿದೆ.

ಮುತ್ತನ ಮನೆಯ ಒಲೆ ನೆನಪಾಗುತ್ತಿದೆ. ಹಾಗೆ ಎಷ್ಟು ಒಲೆಯೋ. ಮಧ್ಯಾಹ್ನ ಆಸ್ಪತ್ರೆಯಿಂದ ನೇರ ಚಂದಯ್ಯನ ಅಂಗಡಿಗೆ ಹೋದೆ. ಅದೇ ಮೆಟ್ಟಿಲು, ಹೆಚ್ಚುಕಡಿಮೆ ಅದೇ ಜನ. ಈಗಲೂ ನಗಿಸುತ್ತೇನೆ ಅಂತ ಕೆಲವರು ಮೊದಲೇ ಹಲ್ಲು ಬಿಟ್ಟರು.

“ನಾಯಿಬುಟ್ಟಿ ಮೀನ್ ನಾನೂ ತಿಂದಿದ್ದೆ,” ಅಂದೆ. “ನಮ್ಮನಿಯಂಗೆ ನಾಯಿ ಇಲ್ಲೆ. ತಂಗಿ ಮನಿಗೆ ಕೊಟ್ಟದ್ದೂ ನಾನೇ. ಅದರ ಹೆಣ್ಣ್ ಆಸ್ಪತ್ರೆಯಂಗಿತ್ತ್, ಬದ್ಕತ್ತಾ ಗೊತ್ತಿಲ್ಲೆ. ಆ ಪುಡಿ ತೊಳ್ದ್ರೆ ಹೋತಿಲ್ಲೆ, ಬೇಯ್ಸ್ರೂ ಹೋತಿಲ್ಲೆ. ಡಿಸ್ಪೆನ್ಸರಿ ಜಗ್ಲಿ ಮೇಲ್ ತಂದಿಡಿ. ಯಾರದ್ ಅಂದೇಳಿ ನಾನ್ ಕೇಂತಿಲ್ಲೆ.”

ಒಬ್ಬರೂ ನಗಲಿಲ್ಲ. ಚಂದಯ್ಯ ಬುಟ್ಟಿಯನ್ನು ಒಳಗೆಳೆದುಕೊಂಡ. ಬೆನ್ನ ಹಿಂದೆ ಯಾರೋ, ಕಂಪೌಂಡರೂ ನಾಯಿಮೀನು ತಿನ್ನುವವನಂತೆ ಅಂದ. ಅನ್ನಲಿ.

ಜುಲೈ 12, ಮಂಗಳವಾರ

ಬೆಳಿಗ್ಗೆ ಜಗಲಿಯ ಮೇಲೆ ಪೊಟ್ಟಣಗಳ ರಾಶಿ. ಬಾಳೆಲೆಯಲ್ಲಿ, ಪೇಪರಿನಲ್ಲಿ, ಹಳೆಯ ಬಟ್ಟೆಯಲ್ಲಿ ಕಟ್ಟಿದ್ದು. ಸೀತು ನಿಂತು ನೋಡುತ್ತಿದ್ದಳು, ಆಮೇಲೆ ಅವಳೂ ಸೊಂಟದಿಂದ ಒಂದು ತೆಗೆದಿಟ್ಟಳು. ದಿನಾ ನನ್ನ ಮುಂದೆಯೇ ಗುಡಿಸುವವಳು. ಮುತ್ತನ ಹೆಂಡತಿ ಪಾತ್ರೆ ಸಮೇತ ತಂದಳು, ಮುತ್ತನಿಗೆ ಎರಡು ದಿನದಿಂದ ನಡುಕವಂತೆ. ಆಸ್ಪತ್ರೆಗೆ ಕಳಿಸಿದೆ. ಇನ್ನೂ ಐದು ಜನರನ್ನು ಕಳಿಸಿದೆ. ಯಾರೂ ನಾಯಿ ಅನ್ನಲಿಲ್ಲ.

ಡಾಕ್ಟ್ರು ಹತ್ತೂವರೆಗೆ ಬಂದು ರಾಶಿ ನೋಡಿ, ಗುಡ್ ವರ್ಕ್ ಪ್ರೇಮಾನಂದ ಅಂದರು. ರಿಪೋರ್ಟಿನಲ್ಲಿ ತಮ್ಮ ಹೆಸರು ಹಾಕಿಕೊಂಡರು. ಹಾಕಿಕೊಳ್ಳಲಿ. ಹಿತ್ತಿಲಲ್ಲಿ ಆಳದ ಗುಂಡಿ ತೋಡಿ ಎಲ್ಲ ಹೂತೆ. ಮಣ್ಣೆಳೆಯುವಾಗ ಸ್ವಲ್ಪ ಹೆಮ್ಮೆಯೇ ಆಯಿತು. ಮಾನ ಬಿಟ್ಟು ಇಷ್ಟು ಜನರನ್ನು ಉಳಿಸಿದೆ, ಈ ಊರಿನಲ್ಲಿ ಇನ್ಯಾರು ಮಾಡುತ್ತಿದ್ದರು ಅಂತ.

ಸಂಜೆ ನಾಲ್ಕಕ್ಕೆ ಪುಷ್ಪ ಕಣ್ಣು ಬಿಟ್ಟಿತು. ನೀರು ಕೇಳಿತು. ನಾನು ಹೊರಗೆ ಹೋಗಿ ಕಂಬ ಹಿಡಿದು ಅತ್ತೆ.

ಜುಲೈ 15, ಶುಕ್ರವಾರ, ಸಂಜೆ

ಪುಷ್ಪ ಮನೆಗೆ ಬಂತು. ಅಕ್ಕಿ, ಬೇಳೆ, ಎಣ್ಣೆ ತಂದುಹಾಕಿದೆ. ಸರೋಜ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಶೇಖರನ ಸುದ್ದಿ ಬಂದು ಎಂಟು ತಿಂಗಳಾಯಿತಂತೆ. ಈಗ ಹೇಳಿದಳು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿಯಲ್ಲ. ಹೋದ ಶುಕ್ರವಾರ ಬಾಗಿಲಲ್ಲಿ ನಿಂತು ಕೇಳಿದೆನಲ್ಲ, ಆಗಲಾದರೂ ಯಾಕೆ ಕೊಡಲಿಲ್ಲ, ಮಗುವಿಗಿಂತ ಮಾನ ದೊಡ್ಡದಾಯಿತಾ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಗುರ್ವಾರವೇ ವಾಪಸ್ ಕೊಡುಕೆ ಬಂದಿದ್ದೆ, ಅಣ್ಣ. ಸೀತು ಹೇಳಿತ್ತ್, ಬೆಕ್ಕ್ ಸಾಯ್ತಿತ್ತ್ ಅಂದೇಳಿ. ಪೊಟ್ಟಣ ಸೆರಗಿನಡಿ ಹಿಡ್ಕಂಡ್ ಅಂಗ್ಡಿ ಹತ್ರವೇ ನಿಂತಿದ್ದೆ. ಆಗ್ಳಿಕೆ ನೀನ್ ಸೀರೆ ಉಟ್ಟ ನಾಯಿ ಅಂದೆ. ಹ್ಯಾಂಗ್ ಮುಂದೆ ಬಪ್ದ್? ಮನಿಗ್ ತಂದೆ. ಬೇರೆ ಎಂತದೂ ಇರ್ಲಿಲ್ಲೆ. ತೊಳ್ದ್ರೆ ಹೋತ್ ಅಂದ್ಕಂಡೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿಯುತ್ತ ಅಂದಳು, “ಪುಷ್ಪನೂ ಒಟ್ಟಿಗಿದ್ದಿತ್ತ್. ಅದೂ ನೆಗಾಡ್ತ್. ಮಾಮ ಹೇಳಿದ್ದ್ ಅಂದೇಳಿ.”

ಮನೆಗೆ ಬಂದು 7ನೇ ತಾರೀಕಿನ ಪುಟ ತೆಗೆದೆ; ಖುಷಿಯಾಯಿತು ಅಂತ ಬರೆದದ್ದು ಹಾಗೇ ಇದೆ.