ಬೆಕ್ಕಿನ ಪಾಲಿನ ಮೊಟ್ಟೆ

ಅಮ್ಮಾ,

ಬಸ್ಸು ತೆಗೆಯುವ ಹೊತ್ತಾಯಿತು, ಡಿಪೋದಿಂದ ಆಗಲೇ ಎರಡು ಸಲ ಫೋನು ಬಂತು. ನಾನು ಟ್ರಿಪ್ ಮುಗಿಸಿ ಬರುವವರೆಗೆ ಬೆಕ್ಕಿನ ಊಟ ನಿನ್ನ ಜವಾಬ್ದಾರಿ. ದಯವಿಟ್ಟು ಮತ್ತೆ ಹಾಲು-ಅನ್ನ ಕಲಸಿ ಇಡಬೇಡ. "ನಮ್ಮನೇಲಿ ಬೆಳೆದದ್ದು ನಮ್ಮ ಹಾಗೇ ತಿನ್ಲಿ" ಅಂತ ನೀನು ಅಂದಾಗ ಪಶುವೈದ್ಯರು ಮೊದಲು ನಕ್ಕರು. ಆಮೇಲೆ ನಗದೆ, "ಮಾಂಸ ಇಲ್ದಿದ್ರೆ ಇದರ ಕಣ್ಣು ಹೋಗುತ್ತಮ್ಮ" ಅಂದರು.

ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಬೇಯಿಸಿದ ಮೀನಿದೆ. ಉಪ್ಪು ಹಾಕಿಲ್ಲ, ಮುಳ್ಳು ತೆಗೆದಿದ್ದೇನೆ. ಅಂಗಡಿಯವನು ಬಿಸಾಡುವ ತಲೆ-ಬಾಲ ಅದು, ಬೆಕ್ಕಿಗೆಂದೇ ಯಾವ ಜೀವವೂ ಹೋಗಿಲ್ಲ. ಮೂಗು ಮುಚ್ಚಿಕೊಂಡು ಉದ್ದನೆಯ ಚಮಚದಲ್ಲಿ ಹಾಕು. ಆ ಚಮಚ ಬೇರೆಯೇ ಇಟ್ಟಿದ್ದೇನೆ.

ಬೇಯಿಸಿದ ಮೊಟ್ಟೆಗಳೂ ಇವೆ. ನಮ್ಮ ಕಂಡಕ್ಟರ್ ಮನೆಯ ಕೋಳಿಗಳು ಇಟ್ಟವು. ಪಂಜರದಲ್ಲಿಟ್ಟಿಲ್ಲ, ಅಂಗಳದಲ್ಲಿ ಓಡಾಡಿಕೊಂಡಿವೆ, ನಾನೇ ಹೋಗಿ ನೋಡಿ ಬಂದೆ. ಅಲ್ಲಿ ಹುಂಜವೇ ಇಲ್ಲ, ಹಾಗಾಗಿ ಅವು ಮರಿಯಾಗುವ ಮೊಟ್ಟೆಗಳೂ ಅಲ್ಲ.

ನಿನ್ನ ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಿದ ಮಾತನ್ನು ನಾನು ಎತ್ತುವುದಿಲ್ಲ, ಎತ್ತಿದರೆ ನೀನು ತಟ್ಟೆ ಬಿಟ್ಟು ಏಳುತ್ತೀಯ. ಮೊನ್ನೆ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತೆಯಲ್ಲ, ಅದನ್ನೂ ನಾನು ನೋಡಿಲ್ಲ.

ಬೆಕ್ಕಿಗೆ ದಿನಕ್ಕೆ ಅರ್ಧ ಮೊಟ್ಟೆ ಸಾಕು. ಉಳಿದರ್ಧ ಇಟ್ಟರೆ ಕೆಡುತ್ತದೆ. ಅದು ಎಲ್ಲಿ ಹೋಯಿತು ಅಂತ ಬಂದ ಮೇಲೆ ಕೇಳುವುದಿಲ್ಲ.

ಮತ್ತೆ ಫೋನು. ಹೊರಟೆ.

ನಿನ್ನ ಮಗಳು

ಮರೆತಿದ್ದೆ: ಬೆಕ್ಕಿಗೆ ಉಪ್ಪು ಆಗುವುದಿಲ್ಲ. ಉಪ್ಪು-ಮೆಣಸಿನ ಪುಡಿಯನ್ನು ಮೊಟ್ಟೆಯ ಪಕ್ಕದಲ್ಲೇ ಇಟ್ಟಿದ್ದೇನೆ.