ಮತ್ಸ್ಯಕನ್ಯೆಗೆ ತಂದ ಸ್ಟೂಲು

ಅಕ್ಕಾ,

ಇವರ ಮೊದಲ ಹೆಂಡತಿಯನ್ನು ಇನ್ನೇನೆಂದು ಕರೆಯಲಿ? ನೀವು ತೀರಿಕೊಂಡು ನಾಲ್ಕು ವರ್ಷ, ನಮ್ಮ ಮದುವೆಯಾಗಿ ಇಪ್ಪತ್ತೇ ದಿನ! ವಿದೇಶದಲ್ಲಿ ಹನಿಮೂನು, ಜೊತೆಗೆ ಅತ್ತೆ! ಇಲ್ಲಿನ ಪಾರ್ಕುಗಳ ಪ್ಲಾಸ್ಟಿಕ್ ಡೈನೋಸಾರ್, ಗುಲಾಬಿ ಕಾರಂಜಿ, ಎಲ್ಲವೂ ನನಗೆ ಸೂಪರ್!

ಇವತ್ತು ಫೋಟೋಗೆಂದು ನಿಲ್ಲಿಸಿದ್ದ ಮತ್ಸ್ಯಕನ್ಯೆಯ ಚಿತ್ರದ ಹಲಗೆ ಸಿಕ್ಕಿತು, ನಮ್ಮ ಮುಖ ತೂರಿಸಲು ಅವಳ ಮುಖವಿರಬೇಕಾದಲ್ಲಿ ತೂತು. ನಾನು ಹಲಗೆಯ ಹಿಂದೆ ಹೋಗುವಷ್ಟರಲ್ಲಿ ಇವರು ಓಡಿಹೋಗಿ ಸ್ಟೂಲು ತಂದಿಟ್ಟರು. ನಾನು ಇವರಿಗಿಂತ ಎರಡಿಂಚು ಎತ್ತರ, ಅಕ್ಕಾ.

"ಇವಳಿಗ್ಯಾಕೋ ಸ್ಟೂಲು? ಎಟುಕದೇ ಇದ್ದಿದ್ದು ಅವಳಿಗಲ್ವೇನೋ!" ಎಂದ ಅತ್ತೆ ತುಟಿ ಕಚ್ಚಿಕೊಂಡರು.

"ಅಭ್ಯಾಸ ಕಣೇ, ಸಾರಿ" ಎಂದರು ಇವರು.

"ಅಯ್ಯೋ, ಬಿಡಿ!" ಎಂದು ನಕ್ಕೆ. ಹೊಟ್ಟೆ ಧಗಧಗ ಉರಿಯುತ್ತಿತ್ತು.

ಆದರೆ ಇವರು ತಂದ ಸ್ಟೂಲನ್ನು ನಿಮಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹತ್ತಿ ನಿಂತು, ನಡು ಮುರಿಯುವಷ್ಟು ಬಗ್ಗಿ, ತೂತಿಗೆ ಮುಖ ಕೊಟ್ಟೆ.

ಫೋಟೋದಲ್ಲಿ ನಗು ಮಾತ್ರ ಕಾಣುತ್ತದೆ.